ಹದಿನೇಳನೇ ಉತ್ತರ

ಶಿವಲಿಂಗಯ್ಯ ಮೇಷ್ಟ್ರು ಪ್ರಶ್ನೆ ಕೇಳಿ ಸುಮ್ಮನಾಗಿಬಿಟ್ಟರೆ ಎದುರಿಗಿದ್ದವರಿಗೆ ಬೆವರು ಬರುತ್ತಿತ್ತು. ಉತ್ತರ ಬರುವ ತನಕ ಕಣ್ಣು ಮಿಟುಕಿಸದೆ ಕೂತಿರುತ್ತಿದ್ದರು. ಕೊನೆಗೆ ಆ ಮೌನ ತಾಳಲಾರದೆ ಜನ ನಿಜ ಹೇಳುತ್ತಿದ್ದರು.

ತುಮಕೂರಿನ ಕಾಲೇಜೊಂದರಲ್ಲಿ ಅವರು ಮ್ಯಾನೇಜ್‌ಮೆಂಟ್ ಪಾಠ ಮಾಡುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ಪಿಎಚ್.ಡಿ.ಗೆ ಕೈಹಾಕಿದರು. ಮೇಲಿನವರು ಬದಲಾದಾಗ ಕೆಲಸಗಾರರಿಗೆ ಸಂಸ್ಥೆ ತಮ್ಮದೆಂಬ ಭಾವನೆ ಉಳಿಯುತ್ತದೆಯೇ ಎಂಬುದು ವಿಷಯ. ಊರಾಚೆಯ ಫ್ಯಾಕ್ಟರಿಯೊಂದಕ್ಕೆ ಆಗಷ್ಟೇ ಹೊಸ ಸಾಹೇಬರು ಬಂದಿದ್ದರು. ಅಲ್ಲಿಗೆ ಹೋಗಿ ಮೇಷ್ಟ್ರು ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿದರು: "ಈ ಫ್ಯಾಕ್ಟ್ರಿ ನಿಮ್ಗೆ ಏನಾಗ್ಬೇಕು?"

ನಾನು ಕುಣಿಗಲ್‌ನಿಂದ ಬಂದು ಅವರಿಗೆ ಟೈಪ್ ಮಾಡಿಕೊಡುತ್ತಿದ್ದೆ. ಹದಿನೇಳನೆಯ ಉತ್ತರ ಹೀಗಿತ್ತು: "ನಮ್ ದೊಡ್ಡಪ್ಪ ಇದ್ದಂಗೆ ಸಾ. ಉಣ್ಣಾಕ್ ಇಕ್ತಾನೆ, ಮುಖ ನೋಡಾಕಿಲ್ಲ. ಹೊಸ ಸಾಹೇಬ್ರು ಬಂದ್ಮೇಲೆ ಇಕ್ಕೋದೂ ಅನುಮಾನ ಬುಡಿ."

"ಸ್ವಲ್ಪ ತಿದ್ದಿ ಟೈಪ್ ಮಾಡ್ಲಾ ಸಾರ್?" ಎಂದೆ.

"ಬೇಡ ಕಣಮ್ಮ. ಅವ್ರ್ ಬಾಯಿಂದ ಬಂದದ್ದಕ್ಕೆ ನಾವ್ಯಾಕೆ ಇಸ್ತ್ರಿ ಹಾಕ್ಬೇಕು?"

ಹೆಸರು ಎಲ್ಲಿಯೂ ಬರುವುದಿಲ್ಲ ಎಂದು ಪ್ರತಿಯೊಬ್ಬರಿಗೂ ಮಾತು ಕೊಟ್ಟಿದ್ದರು. ಬರೀ ನಂಬರು ಹಾಕಿಸಿದರು. "ನಂಬರ್‌ಗೆ ಮುಖ ಇರಲ್ಲ" ಎನ್ನುವರು. ಒಂದು ಪ್ರತಿಯನ್ನು ಮೊದಲು ತಮಗೆ ತೋರಿಸಬೇಕು ಎಂದು ಫ್ಯಾಕ್ಟರಿಯವರು ಷರತ್ತು ಹಾಕಿದ್ದರು. ಹೆಸರಿಲ್ಲವಲ್ಲ ಎಂಬ ಧೈರ್ಯದಿಂದಲೇ ಮೇಷ್ಟ್ರು ಒಪ್ಪಿದರು. ಅದನ್ನು ಕೊಂಡೊಯ್ದವಳು ನಾನು.

ಕೆಲಸಗಾರರ ವಿಚಾರ ನೋಡಿಕೊಳ್ಳುವ ಪರ್ಸೊನೆಲ್ ಮ್ಯಾನೇಜರು ಗುಬ್ಬಿ ಕಡೆಯವರು. ಕಾಫಿ ತರಿಸಿ, ಕೆಂಪು ಪೆನ್ಸಿಲ್ ಹಿಡಿದು ನಿಧಾನವಾಗಿ ಓದಿದರು. ಅಲ್ಲಲ್ಲಿ ಒಂದೊಂದು ಟಿಕ್ ಹಾಕಿದರು. ಹದಿನೇಳಕ್ಕೆ ಬಂದಾಗ ನಕ್ಕರು.

"ಎಲ್ಲಾದಕ್ಕೂ ದೊಡ್ಡಪ್ಪನ್ನ ಎಳ್ಕೊಂಡ್ ಬರೋನು ನಮ್ ರಂಗಪ್ಪ ಒಬ್ನೇ. ಅವ್ನೇ ಅಲ್ವೇನಮ್ಮ ಇದು?"

ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರೆ. ನಾನು ಬಾಯಿಯನ್ನೂ ಬಿಡಲಿಲ್ಲ. ಅಷ್ಟು ದೊಡ್ಡ ಮನುಷ್ಯರು ನನ್ನೊಡನೆ ಸಲಿಗೆಯಿಂದ ಮಾತಾಡಿದರೆಂಬ ಪೆದ್ದು ಹಿಗ್ಗಿನಲ್ಲಿ ನಾನೂ ನಕ್ಕುಬಿಟ್ಟೆ. ಅವರು ಹದಿನೇಳರ ಪಕ್ಕ ಎರಡು ಟಿಕ್ ಹಾಕಿದರು. ಆಗ ನಾನು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ತಿಂಗಳೊಳಗೆ ಆರು ಜನಕ್ಕೆ ಉತ್ತರ ಭಾರತದ ಯಾವುದೋ ದೂರದ ಶಾಖೆಗೆ ವರ್ಗವಾಯಿತು. ಹೋಗದವರು ರಾಜೀನಾಮೆ ಕೊಡಬೇಕು. ಆರರಲ್ಲಿ ರಂಗಪ್ಪನೂ ಒಬ್ಬ. ಆತ ರಾಜೀನಾಮೆ ಕೊಟ್ಟ. ಮೇಷ್ಟ್ರು ಚೇಳೂರಿನ ಅವನ ಮನೆಗೆ ಹೋಗಿಬಂದರು. ಆತ ಬೈಯಲಿಲ್ಲವಂತೆ. "ಹೆಸ್ರು ಬರಾಕಿಲ್ಲ ಅಂದಿದ್ರಲ್ಲ ಸಾ" ಎಂದು ಕೇಳಿ ಸುಮ್ಮನಾದನಂತೆ. ಪ್ರಬಂಧವನ್ನು ಅವರು ಸಲ್ಲಿಸಲೇ ಇಲ್ಲ. ಕಾಲೇಜಿನಲ್ಲಿ ಅವರಿಗಿಂತ ಕಿರಿಯರೆಲ್ಲ ಡಾಕ್ಟರಾದರು.

ಕೆಲವು ವರ್ಷಗಳ ನಂತರ ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರು. ತೀರಾ ಸೊರಗಿದ್ದರು. ಕೂತ ಕೂಡಲೇ ಅದೇ ಮಾತು ತೆಗೆದರು.

"ನೀನು ತಿದ್ದಲಾ ಅಂತ ಕೇಳಿದ್ದೆ. ನಾನೇ ಬೇಡ ಅಂದೆ. ಅವ್ರ್ ಮಾತಲ್ಲೇ ಅವ್ರ್ ಮುಖ ಇತ್ತಮ್ಮ. ಆರ್ ಜನದ ಅನ್ನ ಕಳ್ದೋನು ನಾನು."

"ಹಂಗೆಲ್ಲ ಅನ್ಕೋಬೇಡಿ ಸಾರ್" ಎಂದೆ.

ಅವರ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ಕಾಫಿ ಕುಡಿದೆವು. ನನ್ನ ಮಗಳ ಹೆಸರು ಕೇಳಿದರು, ಹೇಳಿದೆ. ಫ್ಯಾಕ್ಟರಿಯಲ್ಲಿ ನಾನು ನಕ್ಕದ್ದನ್ನು ಮಾತ್ರ ಹೇಳಲಿಲ್ಲ. ಮರುವರ್ಷ ಮೇಷ್ಟ್ರು ತೀರಿಕೊಂಡರು, ತಪ್ಪೆಲ್ಲ ತಮ್ಮದೆಂದೇ ನಂಬಿಕೊಂಡು.