ಟೀ ಶರ್ಟಿನ ಮೇಲೆ ನಮ್ಮತ್ತೆಯ ಮುಖ

ಇದು ಶುರುವಾದದ್ದು ಹೋದ ವರ್ಷ, ಕಬ್ಬು ಅರೆಯುವ ಕಾಲದಲ್ಲಿ. ನಮ್ಮದು ಕಿರುಗಾವಲಿನ ಹತ್ತಿರದ ಒಂದು ಹಳ್ಳಿ. ಮಳವಳ್ಳಿಯಲ್ಲಿ ನನ್ನದೊಂದು ಸಣ್ಣ ಟೈಲರ್ ಅಂಗಡಿ ಇದೆ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ವಾಪಸು ಬರುತ್ತೇನೆ. ಮನೆಯಲ್ಲಿ ನಮ್ಮ ಯಜಮಾನರು, ಇಬ್ಬರು ಮಕ್ಕಳು, ಮತ್ತೆ ನಮ್ಮತ್ತೆ ಚಿಕ್ಕತಾಯಮ್ಮ.

ಅತ್ತೆಯದು ಜೋರು ಬಾಯಿ. ಬೀದಿ ನಲ್ಲಿಯಲ್ಲಿ ನೀರು ಪೋಲಾಗುತ್ತಿದ್ದರೂ ಬೈಯುತ್ತಾರೆ, ನಾಲೆಗೆ ಕಸ ಸುರಿದವರನ್ನೂ ಬೈಯುತ್ತಾರೆ. ಬೈಸಿಕೊಂಡವರು ಮಾರನೇ ದಿನ ನಮ್ಮ ಜಗಲಿಗೇ ಬಂದು ಕೂತು ಅವರ ಎಲೆಅಡಿಕೆ ಚೀಲಕ್ಕೆ ಕೈ ಹಾಕುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ನನಗೂ ಅವರ ಬಾಯಿ ಕಂಡರೆ ಹೆದರಿಕೆಯಿತ್ತು. ಆಮೇಲೆ ಗೊತ್ತಾಯಿತು, ಅವರು ಸುಮ್ಮಸುಮ್ಮನೆ ಯಾವತ್ತೂ ಬಾಯಿ ತೆಗೆಯುವುದಿಲ್ಲ.

ಆ ದಿನ ಸಂಜೆ ನಾನು ಆಗಷ್ಟೇ ಬಸ್ಸಿಳಿದಿದ್ದೆ. ಸ್ಕೂಲು ಬಿಟ್ಟ ಹೊತ್ತು. ಎರಡು ಟ್ರೈಲರ್ ತುಂಬ ಕಬ್ಬು ಹೇರಿಕೊಂಡು ಒಂದು ಟ್ರ್ಯಾಕ್ಟರ್ ಜೋರಾಗಿ ಹಾಡು ಹಾಕಿಕೊಂಡು ಬಂತು. ಜಲ್ಲೆಗಳು ಎರಡೂ ಪಕ್ಕಕ್ಕೆ ಚಾಚಿಕೊಂಡಿದ್ದವು. ನಮ್ಮ ಹಿಂದಿನ ಬೀದಿಯ ಸಿಂಚನ ಎಂಬ ಹುಡುಗಿ, ಎಂಟನೇ ಕ್ಲಾಸಿನವಳು, ಸೈಕಲ್ಲಿನಲ್ಲಿ ಅಂಚಿಗೇ ಹೋಗುತ್ತಿದ್ದಳು. ಒಂದು ಜಲ್ಲೆ ಅವಳ ಹಣೆಗೆ ಬಡಿಯಿತು. ಸೈಕಲ್ಲು ಒಂದು ಕಡೆ ಬಿತ್ತು, ಅವಳೊಂದು ಕಡೆ. ಮುಖವೆಲ್ಲ ರಕ್ತ. ಟ್ರ್ಯಾಕ್ಟರಿನವನಿಗೆ ಹಾಡಿನ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ, ಹಾಗೇ ಹೊರಟ.

ಅತ್ತೆ ಡೈರಿಗೆ ಹಾಲು ಹಾಕಲು ಬಂದಿದ್ದವರು ಕ್ಯಾನನ್ನು ಅಲ್ಲೇ ಕುಕ್ಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದರು. ಮುಂದೆ ಉಬ್ಬಿನ ಹತ್ತಿರ ಟ್ರ್ಯಾಕ್ಟರ್ ನಿಧಾನವಾದಾಗ ರಸ್ತೆಯ ನಡುವೆ ಅಡ್ಡ ನಿಂತುಬಿಟ್ಟರು. ಅಷ್ಟು ದೊಡ್ಡ ಗಾಡಿಯ ಮುಂದೆ ಆ ಸಣ್ಣ ಆಳು.

"ನಿಂತ್ಕಳ್ಲಾ. ರೋಡು ನಿಮ್ಮಪ್ಪಂದೇನ್ಲಾ? ಮಕ್ಳು ಮರಿ ತಿರುಗಾಡೋ ಜಾಗ್ದಲ್ಲಿ ಇಂಗಾ ಓಡ್ಸದು? ಇಳುದ್ ಬಂದು ನೋಡ್ಲಾ ಆ ಮಗಿನ್ ಮೊಕವ."

ಅವನು ಇಳಿದು ಬಂದು ನೋಡಿದ. ಯಾರದೋ ಬೈಕಿನಲ್ಲಿ ತಾನೇ ಹಿಂದೆ ಕೂತು ಹುಡುಗಿಯನ್ನು ಹಿಡಿದುಕೊಂಡು ಆಸ್ಪತ್ರೆಗೆ ಹೋದ. ಹಣೆಗೆ ಹೊಲಿಗೆ ಬಿತ್ತು, ಕಣ್ಣು ಉಳಿಯಿತು. ಮಾರನೇ ದಿನದಿಂದ ಅವನು ಕಬ್ಬಿಗೆ ಸುತ್ತ ಹಗ್ಗ ಬಿಗಿದು, ಸ್ಕೂಲಿನ ಹತ್ತಿರ ಹಾಡು ನಿಲ್ಲಿಸಿ ನಿಧಾನವಾಗಿ ಹೋಗತೊಡಗಿದ. ಅವನನ್ನು ನೋಡಿ ಮಿಕ್ಕವರೂ ಹಾಗೇ ಮಾಡಿದರು. ಒಬ್ಬ ಹೆಂಗಸು ಬೈದದ್ದರಿಂದ ಆದ ಕೆಲಸ ಅದು.

ಆದರೆ ಎದುರಿನ ಟೀ ಅಂಗಡಿಯಲ್ಲಿ ನಿಂತಿದ್ದ ಯಾರೋ ಇದನ್ನು ಫೋನಿನಲ್ಲಿ ಹಿಡಿದಿದ್ದರು. ಹುಡುಗಿಯನ್ನು ಎತ್ತಲು ಬರದ ಕೈ ಫೋನು ಎತ್ತಿತ್ತು. ಅದರಲ್ಲಿ ಉಳಿಸಿಕೊಂಡದ್ದು ಅತ್ತೆ ಸೊಂಟದ ಮೇಲೆ ಕೈಯಿಟ್ಟು "ರೋಡು ನಿಮ್ಮಪ್ಪಂದೇನ್ಲಾ" ಅನ್ನುವಷ್ಟು ಮಾತ್ರ. ಹುಡುಗಿಯೂ ಇಲ್ಲ, ರಕ್ತವೂ ಇಲ್ಲ. ಹಿಂದೆ ಯಾವುದೋ ಡೋಲಿನ ಸದ್ದು ಸೇರಿಸಿ, ಮಂಡ್ಯ ಅಜ್ಜಿಯ ಖದರ್ ಅಂತ ಹೆಸರಿಟ್ಟು ಬಿಟ್ಟಿದ್ದರು. ವಾರದೊಳಗೆ ಅದು ಎಲ್ಲರ ಫೋನಿಗೂ ಬಂತು. ನನ್ನ ತಂಗಿ ಮೈಸೂರಿನಿಂದ ಕಳಿಸಿದಳು, ಅವಳಿಗೆ ಅದನ್ನು ಕಳಿಸಿದವರು ಇನ್ನೆಲ್ಲಿಯವರೋ.

ಮೊದಮೊದಲು ಅತ್ತೆಯೂ ನಕ್ಕರು. ಇರಲಿ ಬಿಡು, ನಾಲ್ಕು ಜನ ನಗ್ತಾರೆ ಅಂದರು. ಆಮೇಲೆ ಮದ್ದೂರಿನ ಕಡೆ, ವೈದ್ಯನಾಥಪುರದ ನಮ್ಮ ನೆಂಟರ ಮನೆಯ ಬೀಗರ ಊಟಕ್ಕೆ ಹೋಗಿದ್ದೆವು. ಅತ್ತೆ ಎಲೆಯ ಮುಂದೆ ಕೂತು ಮುದ್ದೆ ಮುರಿಯುತ್ತಿದ್ದಾಗ ಐದಾರು ಹುಡುಗರು ಫೋನು ಹಿಡಿದುಕೊಂಡು ಸುತ್ತ ಬಂದು ನಿಂತರು. ಅಜ್ಜಿ, ಒಂದು ಸಲ ಅನ್ನಿ, ಒಂದೇ ಸಲ ಅಂತ ಗೋಗರೆದರು. ಅತ್ತೆ ತಲೆ ಎತ್ತಲಿಲ್ಲ. ಬಾಯಿ ಬಿಡೋವರೆಗೂ ಬಿಡಲ್ಲ ಅಂತ ಒಬ್ಬ ಫೋನನ್ನು ಅವರ ಮೂಗಿನ ಹತ್ತಿರಕ್ಕೇ ತಂದ. ದೊಡ್ಡವರು ಯಾರೂ ಅವರನ್ನು ಗದರಲಿಲ್ಲ, ಪಕ್ಕದ ಸಾಲಿನವರೂ ನಗುತ್ತಿದ್ದರು. ಅತ್ತೆ ಊಟ ಅರ್ಧಕ್ಕೇ ಬಿಟ್ಟು ಎದ್ದು ಕೈ ತೊಳೆದುಕೊಂಡರು.

ಅವತ್ತಿನಿಂದ ಅವರ ಬಾಯಿ ಕಟ್ಟಿತು. ಮನೆಯೊಳಗೆ ಮಾತಾಡುತ್ತಿದ್ದರು, ಹೊಸಿಲು ದಾಟಿದರೆ ಇಲ್ಲ. ಒಂದು ಸಂಜೆ ಇನ್ನೊಂದು ಟ್ರ್ಯಾಕ್ಟರ್ ಹಗ್ಗವಿಲ್ಲದೆ, ಜಲ್ಲೆ ಇಳಿಬಿಟ್ಟುಕೊಂಡು ಮಕ್ಕಳ ಪಕ್ಕದಲ್ಲೇ ಹೋಯಿತು. ಅತ್ತೆ ಡೈರಿಯ ಬಾಗಿಲಲ್ಲಿದ್ದರು. ಎದ್ದವರು ಮತ್ತೆ ಕೂತರು. ಯಾಕತ್ತೆ ಸುಮ್ಮನಾದಿರಿ ಅಂದೆ. "ಬಾಯ್ ಬುಟ್ರೆ ಪೋನ್ ತಗೀತಾರೆ ಕಣಮ್ಮ," ಅಂದರು. ಇಡೀ ಊರಿನಲ್ಲಿ ಗಾಡಿಗೆ ಅಡ್ಡ ನಿಲ್ಲುವ ಜೀವ ಒಂದೇ ಇತ್ತು, ಅದನ್ನೂ ನಗುನಗುತ್ತಲೇ ಕೂರಿಸಿಬಿಟ್ಟಿದ್ದರು.

ಇಷ್ಟರ ಮೇಲೆ ಬಂದದ್ದು ಆ ಟೀ ಶರ್ಟು. ಒಂದು ಮಧ್ಯಾಹ್ನ ಕಾಲೇಜು ಹುಡುಗನೊಬ್ಬ ನನ್ನ ಅಂಗಡಿಗೆ ಬಂದು ಕಪ್ಪು ಟೀ ಶರ್ಟೊಂದನ್ನು ಮಿಷನ್ನಿನ ಮೇಲಿಟ್ಟ. ಲೂಸ್ ಆಗಿದೆ ಅಕ್ಕ, ಎರಡೂ ಸೈಡ್ ಹಿಡಿದುಕೊಡಿ ಅಂದ. ಬಿಚ್ಚಿ ಹರಡಿದೆ. ಎದೆಯ ತುಂಬ ನಮ್ಮತ್ತೆ. ಬಾಯಿ ಅಗಲ ಮಾಡಿದ್ದಾರೆ, ಮೂಗು ಉಬ್ಬಿಸಿದ್ದಾರೆ, ಕಣ್ಣಿಗೆ ಕಪ್ಪು ಕನ್ನಡಕ ಏರಿಸಿದ್ದಾರೆ. ಕೆಳಗೆ ಹಳದಿ ಅಕ್ಷರದಲ್ಲಿ, ರೋಡು ನಿಮ್ಮಪ್ಪಂದೇನ್ಲಾ.

ಮೊದಲು ನನ್ನ ಕೈ ತಾನಾಗಿ ಅದನ್ನು ಕೆರೆಯಿತು. ಅಂಟಿಸಿದ ಸ್ಟಿಕ್ಕರ್ ಆಗಿದ್ದರೆ ಉಗುರಿಗೆ ಅಂಚು ಸಿಗುತ್ತದೆ. ಇದಕ್ಕೆ ಅಂಚೇ ಇರಲಿಲ್ಲ. ಬಣ್ಣ ನೂಲಿನೊಳಕ್ಕೆ ಇಳಿದಿತ್ತು. ಅತ್ತೆಯ ಹಣೆಯ ಗೆರೆಗಳು, ಕಿವಿಯ ಓಲೆ, ಎಲ್ಲ ವಿಡಿಯೋದಲ್ಲಿದ್ದ ಹಾಗೆಯೇ ಬಂದಿದ್ದವು. ಸಕ್ಕತ್ತಾಗಿದೆ ಅಲ್ವಾ ಅಕ್ಕ, ಎಷ್ಟು ಒಗೆದರೂ ಹೋಗಲ್ಲವಂತೆ ಅಂದ ಹುಡುಗ.

ಇವರು ನಮ್ಮತ್ತೆ ಕಣಪ್ಪ ಅಂದೆ. ಅವನು ನಂಬಲಿಲ್ಲ. ಫೋನಿನಲ್ಲಿದ್ದ ಮನೆಯವರೆಲ್ಲರ ಫೋಟೋ ತೋರಿಸಿದೆ. ನಾಚಿಕೆಯಾಗುತ್ತದೆ, ತಪ್ಪಾಯಿತು ಅನ್ನುತ್ತಾನೆ ಅಂದುಕೊಂಡಿದ್ದೆ. ಅವನ ಮುಖ ಅರಳಿತು. "ಸೂಪರ್ ಅಕ್ಕ. ಈ ಟೀ ಶರ್ಟ್ ಹಾಕ್ಕೊಂಡು ಬತ್ತೀನಿ, ಅಜ್ಜಿ ಜೊತೆ ಒಂದು ಸೆಲ್ಫಿ ಕೊಡುಸ್ತೀರಾ?"

ನಾನು ಟೀ ಶರ್ಟು ಮಡಿಸಿ ಅವನ ಕೈಗೆ ಕೊಟ್ಟು, ಇದಕ್ಕೆ ನನ್ನ ಮಿಷನ್ನಿನ ಸೂಜಿ ತಾಗುವುದಿಲ್ಲ, ಹೋಗು ಅಂದೆ. ಅವನಿಗೆ ನನ್ನ ಸಿಟ್ಟು ಯಾಕೆಂದು ಅರ್ಥವೇ ಆಗಲಿಲ್ಲ. ಅದನ್ನು ಮಾಡಿಸಿದ ಮಂಡ್ಯದ ಅಂಗಡಿಯ ಹೆಸರು ಮಾತ್ರ ಹೇಳಿ ಹೋದ.

ಮನೆಗೆ ಬಂದು ಯಜಮಾನರಿಗೆ ಹೇಳಿದರೆ, ಬಿಡು, ಕೆಣಕಿದಷ್ಟೂ ಜಾಸ್ತಿಯಾಗುತ್ತದೆ ಅಂದರು. ಅತ್ತೆಗೆ ಹೇಳಬೇಡ ಅಂದರು. ಹೆತ್ತ ತಾಯಿಯ ಮುಖ ಅದು, ಇವರಿಗೆ ಹೀಗೆ ಸುಮ್ಮನಿರಲು ಹೇಗೆ ಆಗುತ್ತದೆ ಅಂತ ಅವರ ಮೇಲೂ ಕೋಪ ಬಂತು. ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ಅತ್ತೆಗೆ ಎಲ್ಲ ಹೇಳಿ, ಮಡಿಸುವ ಮೊದಲು ತೆಗೆದಿದ್ದ ಫೋಟೋ ತೋರಿಸಿದೆ.

"ಇದ್ನ ಮೈ ಮ್ಯಾಲೆ ಆಕಂಡು ಓಡಾಡ್ತಾರಾ?" ಅಂದರು.

ಹೂಂ ಅಂದೆ. "ನಾಳೀಕ್ ಓಗವಾ ನಡಿ, ಯಾರು ಮಾಡ್ದೋನು ಅಂತ ನೋಡವ," ಅಂದರು.

ಆ ಅಂಗಡಿ ಮಂಡ್ಯದಲ್ಲಿ ಒಂದು ಕಾಂಪ್ಲೆಕ್ಸಿನ ಮಹಡಿಯ ಮೇಲಿತ್ತು. ಮಾಲೀಕನಿಗೆ ಮೂವತ್ತರ ಹತ್ತಿರದ ವಯಸ್ಸು, ನಗುಮುಖ. ನಾವು ಗಿರಾಕಿಗಳೆಂದುಕೊಂಡು ಅತ್ತೆಗೆ ಸ್ಟೂಲು ಹಾಕಿ, ಫ್ಯಾನು ತಿರುಗಿಸಿ ಕೂರಿಸಿದ. ಯಾವ ಥರ ಬೇಕು ಮೇಡಂ ಅಂದ. ಹೇಗೆ ಮಾಡುತ್ತೀರಿ ಮೊದಲು ತೋರಿಸಿ ಅಂದೆ. ಅವನು ಖುಷಿಯಿಂದ ತೋರಿಸಿದ.

ನಾವು ಮನೆಯಲ್ಲಿ ಕಾಗದಕ್ಕೆ ಪ್ರಿಂಟ್ ತೆಗೆಯುವ ಹಾಗೆಯೇ ಅದೂ ಒಂದು ಪ್ರಿಂಟರು, ಆದರೆ ಕಾಗದದ ಜಾಗದಲ್ಲಿ ಅಂಗಿ. ಕಾಟನ್ ಬಟ್ಟೆಯೇ ಆಗಬೇಕಂತೆ. ಕಪ್ಪು ಟೀ ಶರ್ಟಿಗೆ ಮೊದಲು ಒಂದು ದ್ರಾವಣ ಸಿಂಪಡಿಸಿ, ಬಿಸಿ ಹಲಗೆಯ ಕೆಳಗೆ ಒತ್ತಿ ಒಣಗಿಸಿದ. ಇಲ್ಲದಿದ್ದರೆ ಬಟ್ಟೆ ಇಂಕನ್ನು ಹೀರಿಕೊಂಡು ಬಣ್ಣ ಮಂಕಾಗುತ್ತದಂತೆ. ಆಮೇಲೆ ಸುಕ್ಕಿಲ್ಲದ ಹಾಗೆ ಒಂದು ತಟ್ಟೆಯ ಮೇಲೆ ಎಳೆದು ಕೂರಿಸಿ ಮಿಷನ್ನಿಗೆ ಬಿಟ್ಟ. ಇಂಕಿನ ತಲೆ ಆ ಕಡೆ ಈ ಕಡೆ ಓಡಾಡಿತು. ಮೊದಲು ಬಿಳಿ ಬಣ್ಣದ ನೆಲ, ಅದರ ಮೇಲೆ ಮಿಕ್ಕ ಬಣ್ಣಗಳು. ಕೊನೆಗೆ ಮತ್ತೆ ಬಿಸಿ ಒತ್ತು, ಬಣ್ಣ ನಿಲ್ಲಲಿ ಅಂತ. ಅವನು ಮಾಡಿದ್ದು ಒಂದು ನಾಯಿಮರಿಯ ಚಿತ್ರ. ಕೆಲಸ ಅಚ್ಚುಕಟ್ಟಾಗಿತ್ತು, ಬಟ್ಟೆಯ ಕಸುಬಿನವಳಾಗಿ ಅದನ್ನು ನಾನು ಒಪ್ಪಲೇಬೇಕು.

ಹಿಂದೆಲ್ಲ ಬಣ್ಣಕ್ಕೊಂದು ಅಚ್ಚಿನ ಸ್ಕ್ರೀನ್ ಮಾಡಬೇಕಿತ್ತು ಮೇಡಂ, ಹತ್ತಾರು ಪೀಸ್ ಇಲ್ಲದಿದ್ದರೆ ಯಾರೂ ಮುಟ್ಟುತ್ತಿರಲಿಲ್ಲ, ಈಗ ಒಂದೇ ಒಂದು ಪೀಸ್ ಆದರೂ ಸರಿ, ಫೋನಿನಲ್ಲಿ ಯಾರ ಫೋಟೋ ಇದ್ದರೂ ಸರಿ, ಕೂತಿರುವಷ್ಟರಲ್ಲಿ ಅಂಗಿಯಾಗುತ್ತದೆ ಅಂದ. ಯಾರ ಫೋಟೋ ಇದ್ದರೂ ಅಂತ ಅವನು ಹೆಮ್ಮೆಯಿಂದಲೇ ಹೇಳಿದ.

ರೆಡಿ ಡಿಸೈನ್ ಇದ್ದರೆ ತೋರಿಸಿ ಅಂದೆ. ಕಂಪ್ಯೂಟರಿನಲ್ಲಿ ಒಂದೊಂದೇ ಸರಿಸುತ್ತಾ ಬಂದು ನಿಲ್ಲಿಸಿದ. "ಇದು ನೋಡಿ ಮೇಡಂ, ಈ ಅಜ್ಜಿ ಈಗ ಸಕ್ಕತ್ ಓಡ್ತಾವ್ರೆ."

ಅತ್ತೆ ಅವನಿಂದ ಒಂದು ಮಾರು ದೂರದಲ್ಲಿ ಕೂತಿದ್ದರು. ತಿಂಗಳುಗಟ್ಟಲೆ ಆ ಮುಖವನ್ನು ದೊಡ್ಡದು ಮಾಡಿ, ಚಿಕ್ಕದು ಮಾಡಿ, ಬಾಯಿ ಹಿಗ್ಗಿಸಿ ತಿದ್ದಿದವನಿಗೆ ಎದುರಿಗಿದ್ದ ಮನುಷ್ಯರ ಗುರುತು ಸಿಗಲಿಲ್ಲ. ಅತ್ತೆ ಎದ್ದು ಹೋಗಿ ಪರದೆಯ ಪಕ್ಕದಲ್ಲಿ ನಿಂತರು. ಆಗ ಅವನು ಒಮ್ಮೆ ಅದನ್ನು, ಒಮ್ಮೆ ಇವರನ್ನು ನೋಡಿದ. ನಗು ಆರಿತು.

ಅವನು ಕೂಡಲೇ ಸಮಜಾಯಿಷಿಗೆ ಇಳಿದ. ವಾಟ್ಸಾಪಿನಲ್ಲಿ ಬಂದದ್ದು, ಎಲ್ಲರ ಹತ್ತಿರವೂ ಇದೆ, ನಾನು ಮಾಡದಿದ್ದರೆ ಪಕ್ಕದವನು ಮಾಡುತ್ತಾನೆ. ಜನ ಪ್ರೀತಿಯಿಂದ ಹಾಕಿಕೊಳ್ಳುತ್ತಾರೆ ಅಮ್ಮ, ನಮ್ಮ ಮಂಡ್ಯದ ಭಾಷೆ ಅಂತ ಅಭಿಮಾನ ಅವರಿಗೆ. ಇದನ್ನು ಕೇಳಿ ನನಗೆ ತಡೆಯಲಾಗಲಿಲ್ಲ. ನಮ್ಮ ಭಾಷೆಯ ಮೇಲೆ ಅಭಿಮಾನವಿರುವವರು ಅದರಲ್ಲಿ ಏನು ಹೇಳಿದರು ಅಂತಲೂ ಕೇಳಬೇಕಲ್ಲವಾ ಅಂದೆ. ಒಂದು 'ಲಾ' ಸೇರಿಸಿ ಮಾತಾಡಿದರೆ ಎಲ್ಲರಿಗೂ ಕಾಮಿಡಿ. ರಕ್ತ ನೋಡಿ ಕೂಗಿಕೊಂಡರೂ ಕಾಮಿಡಿಯೇನು ಅಂತ ಕೇಳಿದೆ. ನನ್ನ ದನಿ ಕೆಳಗಿನ ಅಂಗಡಿಯವರಿಗೂ ಕೇಳಿಸಿರಬೇಕು, ಮೆಟ್ಟಿಲ ಹತ್ತಿರ ಇಬ್ಬರು ಬಂದು ನಿಂತರು.

ಅತ್ತೆ ನನ್ನ ತೋಳು ಹಿಡಿದು ಸುಮ್ಮನಿರಿಸಿದರು. ಅವರು ಕೂಗಲಿಲ್ಲ. ಪರದೆಯ ಮೇಲೆ ಬೆರಳಿಟ್ಟು ಕೇಳಿದರು.

"ಆ ಮಗ ಎಲ್ಲಪ್ಪ?"

ಯಾವ ಮಗು ಅಮ್ಮ ಅಂದ ಅವನು. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ನನ್ ಬಾಯೊಂದ ಕುಯ್ಕಂಡ್ ಬಂದು ಅಂಗೀಗ್ ಆಕಿದ್ದೀಯಲ್ಲ, ನಾ ಯಾಕ್ ಬಾಯ್ ಬುಟ್ಟೆ ಅಂತ ಎಲ್ಲಾಕಿದ್ದೀಯಪ್ಪ?"

ನಾನು ಸಿಂಚನಳ ಕಥೆ ಹೇಳಿದೆ. ಅವನು ಕುರ್ಚಿಯಿಂದ ಎದ್ದು ನಿಂತೇ ಕೇಳಿಸಿಕೊಂಡ. ಆಮೇಲೆ ನಮ್ಮೆದುರಿಗೇ ಆ ಡಿಸೈನ್ ಅಳಿಸಿದ. ಗೋಡೆಗೆ ನೇತುಹಾಕಿದ್ದ ಒಂದು ಟೀ ಶರ್ಟನ್ನೂ ಇಳಿಸಿದ. ನಾವು ಹೊರಡುವಾಗ, ಅತ್ತೆಯ ಒಳ್ಳೆಯ ಫೋಟೋ ಕೊಟ್ಟರೆ ಚೆನ್ನಾಗಿ ಒಂದು ಅಂಗಿ ಮಾಡಿಕೊಡುತ್ತೇನೆ, ಕಾಸು ಬೇಡ ಅಂದ. ಅತ್ತೆ ಅವನ ಮುಖವನ್ನೇ ನೋಡಿದರು. "ನಿಮ್ಮವ್ವುಂದ್ ಮಾಡ್ಕಳಪ್ಪ," ಅಂದು ಮೆಟ್ಟಿಲಿಳಿದರು.

ಪೊಲೀಸರಿಗೆ ದೂರು ಕೊಡೋಣ ಅಂತ ನಾನು ಬಸ್ ಸ್ಟ್ಯಾಂಡಿನವರೆಗೂ ಹಟ ಮಾಡಿದೆ. ಅತ್ತೆ ಬೇಡ ಅಂದರು. ದೂರು ಕೊಟ್ಟರೆ ಅಲ್ಲಿಯೂ ಎಲ್ಲರಿಗೂ ಅದೇ ಚಿತ್ರ ತೋರಿಸಬೇಕು, ಅಲ್ಲಿಯೂ ಯಾರಾದರೂ ನಗುತ್ತಾರೆ ಅನ್ನುವುದು ಅವರ ಲೆಕ್ಕ.

ಅವನು ಅಳಿಸಿದ್ದೇನೋ ನಿಜ. ಆದರೆ ಕೆಲವು ವಾರಗಳ ಮೇಲೆ ಮದ್ದೂರಿನ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಗಂಡಸು ಅದೇ ಮುಖದ ಟೀ ಶರ್ಟು ಹಾಕಿಕೊಂಡು ವಡೆ ತಿನ್ನುತ್ತಾ ನಿಂತಿದ್ದ. ಬಟ್ಟೆ ಕೆಂಪು, ಅಕ್ಷರ ಬೇರೆ ಥರ. ಇನ್ನ್ಯಾವುದೋ ಊರಿನ, ಇನ್ನ್ಯಾವುದೋ ಮಿಷನ್ನಿನ ಕೆಲಸ. ಅವನ ಜೊತೆಯಲ್ಲಿ ಹೆಂಡತಿ, ಪುಟ್ಟ ಮಗಳು ಇದ್ದರು. ಹೋಗಿ ಹೇಳಬೇಕೆಂದುಕೊಂಡೆ, ನನ್ನ ಬಸ್ಸು ಹೊರಟಿತು.

ನಮ್ಮತ್ತೆ ಈಗ ಡೈರಿಗೆ ಹೋಗುತ್ತಾರೆ, ಹಾಲು ಹಾಕುತ್ತಾರೆ, ಬರುತ್ತಾರೆ. ಟ್ರ್ಯಾಕ್ಟರುಗಳು ಮತ್ತೆ ಮೊದಲಿನ ಹಾಗೆಯೇ ಹೋಗುತ್ತಿವೆ. ಇಷ್ಟೊಂದು ಸಿಟ್ಟು ಒಳ್ಳೆಯದಲ್ಲ, ಮರೆತುಬಿಡು ಅಂತ ಎಲ್ಲರೂ ನನಗೆ ಬುದ್ಧಿ ಹೇಳುತ್ತಾರೆ. ನಾನು ಮರೆತಿಲ್ಲ, ಮರೆಯುವ ಮನಸ್ಸೂ ಇಲ್ಲ. ಆ ವಿಡಿಯೋ ನೋಡಿದವರು, ಆ ಅಂಗಿ ತೊಟ್ಟವರು, ಅದನ್ನು ನೋಡಿ ನಕ್ಕವರು ನನಗೆ ಬೇಕಾದಷ್ಟು ಜನ ಸಿಕ್ಕಿದ್ದಾರೆ. ಆ ಹೆಂಗಸು ಯಾಕೆ ಕೂಗುತ್ತಿದ್ದರು ಅಂತ ಅವರಲ್ಲಿ ಒಬ್ಬರೂ ಇವತ್ತಿನವರೆಗೆ ಕೇಳಿಲ್ಲ. ಅದಕ್ಕೇ, ಯಾರೂ ಕೇಳದಿದ್ದರೂ, ಇದನ್ನು ಬರೆದಿದ್ದೇನೆ.