ನಲವತ್ತಕ್ಕೆ ಇಳಿಯದೆ ಒಂದು ಹನಿಯೂ ಇಲ್ಲ

ಬೆಳಗಿನ ಐದೂವರೆ. ಕ್ರೀಮ್ ಕಾರ್ಖಾನೆಯ ಬೆರೆಸುವ ಕೋಣೆಯಲ್ಲಿ ಒಂದೇ ಒಂದು ಹಳದಿ ದೀಪ. ಇನ್ನೂರು ಕೆ.ಜಿ. ಹಿಡಿಯುವ ಸ್ಟೀಲ್ ಕಡಾಯಿಯಲ್ಲಿ ಎಣ್ಣೆ, ಮೇಣ, ನೀರು ಒಂದಾಗಿ ಬೆಳ್ಳಗೆ ಸುತ್ತುತ್ತಿವೆ. ಐವತ್ತೆಂಟರ ಹೆಣ್ಣುಮಗಳೊಬ್ಬರು ಥರ್ಮಾಮೀಟರ್ ಎತ್ತಿ ನೋಡುತ್ತಾರೆ. ಐವತ್ತೆರಡು. "ತಣ್ಣಗಾಗ್ಲಿ" ಎನ್ನುತ್ತಾರೆ, ನನಗಲ್ಲ, ಕಡಾಯಿಗೆ. ಇಪ್ಪತ್ತೆರಡು ವರ್ಷದಿಂದ ದಿನವೂ ಇದೇ ಮಾತು ಆಡಿ ಆಡಿ ಇಲ್ಲಿ ಎಲ್ಲರಿಗೂ ಇವರು ತಣ್ಣಕ್ಕ. ಸ್ವಭಾವ ನೋಡಿ ಇಟ್ಟ ಹೆಸರಂತೂ ಅಲ್ಲ.

ವಯಸ್ಸಾದ ಚರ್ಮಕ್ಕೆಂದು ಮಾರುವ ಈ ಕ್ರೀಮಿನ ಜೀವಾಳ ವಿಟಮಿನ್ 'ಎ'. ಬೆಳಕು ಬಿದ್ದರೆ ಕೆಡುತ್ತದೆ, ಅದಕ್ಕೇ ಕಿಟಕಿಗಳಿಗೆ ಕಪ್ಪು ಪರದೆ. ಬಿಸಿ ತಾಗಿದರೂ ಕೆಡುತ್ತದೆ. ಕಡಾಯಿ ನಲವತ್ತು ಡಿಗ್ರಿಗೆ ಇಳಿಯುವ ತನಕ ತಣ್ಣಕ್ಕ ವಿಟಮಿನ್ ಸೀಸೆಯ ಮುಚ್ಚಳ ಮುಟ್ಟುವುದಿಲ್ಲ. ಒಂದು ಕಡಾಯಿಗೆ ನಾಲ್ಕು ಸಾವಿರ ಡಬ್ಬಿ. ಡಬ್ಬಿಯ ಮೇಲೆ ನಗುವ ಹುಡುಗಿಗೆ ಇಪ್ಪತ್ತೈದೂ ಆಗಿರಲಿಕ್ಕಿಲ್ಲ.

"ಅವಳಿಗ್ಯಾಕೆ ಈ ಕ್ರೀಮು? ನನ್ನ ಮುಖ ಹಾಕಿ ಅಂದೆ, ಬಿದ್ದೂ ಬಿದ್ದೂ ನಕ್ರು. ಒಂದೇ ವಾರಕ್ಕೆ ಸುಕ್ಕು ಮಾಯ ಅಂತ ಬರೆಸ್ತಾರಲ್ಲ, ಅದೆಲ್ಲ ಬೊಗಳೆ. ತಿಂಗಳುಗಟ್ಟಲೆ ಹಚ್ಚಿದ್ರೆ ಚರ್ಮ ಸ್ವಲ್ಪ ನಯ ಆಗುತ್ತೆ, ಅಷ್ಟೆ. ಅಷ್ಟಾದ್ರೂ ಆಗ್ಬೇಕಲ್ಲ."

ಆ 'ಅಷ್ಟಾದರೂ' ಈಗ ಇವರ ಕೆಲಸಕ್ಕೆ ಸಂಚಕಾರ ತಂದಿದೆ. ದಿನಕ್ಕೆ ಎರಡರ ಬದಲು ಮೂರು ಕಡಾಯಿ ಇಳಿಸಬೇಕೆಂದು ಹೊಸ ಮ್ಯಾನೇಜರ್ ಹೋದ ವಾರ ಅರವತ್ತು ಡಿಗ್ರಿಯಲ್ಲೇ ವಿಟಮಿನ್ ಸುರಿಯಲು ಹೇಳಿದರು. ದಪ್ಪ ಚರ್ಮದವರಿಗೆ ಕ್ರೀಮಿನ ಕಷ್ಟ ಏನು ಗೊತ್ತು! ತಣ್ಣಕ್ಕ ಸೀಸೆಗಳ ಪೆಟ್ಟಿಗೆಗೆ ಬೀಗ ಜಡಿದು, ಕೀಲಿ ಮುಷ್ಟಿಯಲ್ಲಿ ಹಿಡಿದು, ಪೆಟ್ಟಿಗೆಯ ಮೇಲೆಯೇ ಕೂತರು.

"ಅವ್ರು ಕೂಗಾಡಿದ್ರು. ನಾನು ಕೂತೇ ಇದ್ದೆ. ಕಡಾಯಿ ತನ್ನ ಪಾಡಿಗೆ ತಣ್ಣಗಾಯ್ತು."

ಮರುದಿನವೇ ನೋಟಿಸ್ ಬಂತು. ಸೋಮವಾರದೊಳಗೆ ಕ್ಷಮಾಪಣೆ ಪತ್ರ ಕೊಡಬೇಕು, ಇಲ್ಲವಾದರೆ ಮನೆಗೆ. ಮನೆ ಎಂದರೆ ಮೂರನೇ ಮಹಡಿಯ ಎರಡು ಕೋಣೆ, ಎಂಬತ್ತೊಂದರ ಅತ್ತೆ. ಗಂಡ ತೀರಿಕೊಂಡ ಮೇಲೆ ದುಡಿಯುವ ಕೈ ಇದೊಂದೇ. "ಎರಡು ಸಾಲು ಗೀಚಿ ಕೊಡೇ ಅಕ್ಕ, ನಿನ್ನ ಗಂಟೇನು ಹೋಗುತ್ತೆ" ಎಂದು ತಂಗಿ ಫೋನಿನಲ್ಲಿ ಗೋಗರೆದಿದ್ದಾಳೆ. ಅತ್ತೆ ಮಾತ್ರ "ಬರೀಬೇಡ" ಎಂದಿದ್ದಾರೆ.

ಅದಕ್ಕೆ ಕಾರಣವಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ತಣ್ಣಕ್ಕ ಒಮ್ಮೆ ಅವಸರಕ್ಕೆ ಬಿದ್ದು ಬಿಸಿಯಲ್ಲೇ ವಿಟಮಿನ್ ಸುರಿದಿದ್ದರು. ತಪ್ಪು ಗೊತ್ತಾದರೂ ಬಾಯಿ ಬಿಡಲಿಲ್ಲ. ನಾಲ್ಕು ಸಾವಿರ ಡಬ್ಬಿಯೂ ಅಂಗಡಿ ಸೇರಿದವು. ಅದರಲ್ಲೊಂದನ್ನು ಅತ್ತೆ ಕೊಂಡು ತಂದು, ಸೊಸೆ ಮಾಡಿದ್ದೆಂದು ನೆರೆಹೊರೆಗೆಲ್ಲ ತೋರಿಸಿ, ಮೂರು ತಿಂಗಳು ಹಚ್ಚಿಕೊಂಡರು.

"ಕನ್ನಡಿ ಮುಂದೆ ನಿಂತು, ಏನಾದ್ರೂ ವ್ಯತ್ಯಾಸ ಕಾಣುತ್ತೇನೇ ಅಂತ ನನ್ನನ್ನೇ ಕೇಳೋರು. ನಾನು ಹೂಂ ಹೂಂ ಅಂತಿದ್ದೆ. ನಾಚಿಕೆಯಿಂದ ಭೂಮಿಗಿಳಿದು ಹೋಗಿದ್ದೆ. ಕೊನೆಗೊಂದಿನ ಹೇಳ್ಬಿಟ್ಟೆ. ಅತ್ತೆ ಬೈಲಿಲ್ಲ. ಎರಡು ದಿನ ಮಾತು ಬಿಟ್ರು. ಬೈದಿದ್ರೇ ಚೆನ್ನಾಗಿತ್ತು."

ಇಂದು ಶನಿವಾರ. ಪತ್ರ ಬರೆದಿರಾ ಎಂದು ಕೇಳಿದರೆ ಕಡಾಯಿಯಿಂದ ಕಣ್ಣು ತೆಗೆಯದೆ ಹೇಳುತ್ತಾರೆ:

"ಕ್ಷಮೆ ಕೇಳೋದಿದ್ರೆ ಆ ನಾಲ್ಕು ಸಾವಿರ ಮನೆ ಬಾಗಿಲಿಗೆ ಹೋಗಿ ಕೇಳ್ತೀನಿ. ಮ್ಯಾನೇಜರಿಗೆ ನಾನು ಯಾವ ತಪ್ಪೂ ಮಾಡಿಲ್ಲ."