ನೀರು ಕೊಡದ ಹೆಂಗಸಿನ ಸಿನಿಮಾ

ರೋಣದ ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ನಾನೊಂದು ಸಿನಿಮಾ ನಿರ್ದೇಶಿಸಿದೆ. ಮೂರು ನಿಮಿಷ ಚಿಲ್ಲರೆಯ ಮೂಕ ಸಿನಿಮಾ. ಹೀಗೆಂದರೆ ಹೆಂಡತಿ ಈಗಲೂ ನಗುತ್ತಾಳೆ. ಆದರೂ ಹೇಳಿಕೊಳ್ಳುವುದನ್ನು ನಾನು ಬಿಟ್ಟಿಲ್ಲ.

ಶಿವರಾತ್ರಿ ಮುಗಿದು ಬಿಸಿಲು ಏರಿದ್ದ ದಿನಗಳು. ನಮ್ಮ ವಿಜ್ಞಾನದ ಮಾಸ್ತರರ ಭಾವಮೈದುನ ಮುಂಬಯಿಯಿಂದ ಬಂದಿದ್ದರು. ಅವರ ಹತ್ತಿರ ಕೀಲಿ ಕೊಟ್ಟರೆ ಓಡುವ ಸಣ್ಣ ಸಿನಿಮಾ ಕ್ಯಾಮೆರಾ ಇತ್ತು, ಅದಕ್ಕೆ ಒಂದೇ ಒಂದು ರೀಲು ಉಳಿದಿತ್ತು. ಊರಿಗೆ ಹೋಗುವ ಮುಂಚಿನ ದಿನ ಅದನ್ನು ನಮಗೆ ನಾಲ್ವರು ಗೆಳೆಯರಿಗೆ ಕೊಡುವುದಾಗಿ ಹೇಳಿದರು. ಒಂದು ಹಗಲು, ಒಂದು ರೀಲು. ಕೆಟ್ಟರೆ ಮತ್ತೊಂದಿಲ್ಲ.

ನಿರ್ದೇಶಕ ಎಂದರೆ ಕೂಗುವವನು ಎಂದು ನಾವು ತಿಳಿದಿದ್ದೆವು. ಕೂಗುವುದು ನನಗೆ ಚೆನ್ನಾಗಿ ಬರುತ್ತಿದ್ದುದರಿಂದ ಆ ಕೆಲಸ ನನ್ನದಾಯಿತು. ಒಬ್ಬ ಕ್ಯಾಮೆರಾ ಹಿಡಿಯುವವನು, ಒಬ್ಬ ಗಟ್ಟಿಯಾಗಿ ಎಣಿಸುವವನು. ಇಪ್ಪತ್ತು ಎಣಿಸುವ ತನಕ ಏನೇ ಆದರೂ ಕ್ಯಾಮೆರಾದ ಗುಂಡಿ ಬಿಡಬಾರದು ಎಂದು ನಾನು ಅಪ್ಪಣೆ ಮಾಡಿದ್ದೆ. ನರಗುಂದದ ಗುಡ್ಡ, ಗಜೇಂದ್ರಗಡದ ಗುಡ್ಡ ಎರಡನ್ನೂ ತೋರಿಸಬೇಕೆಂದು ಹಟ ಹಿಡಿದೆ. ಮಾಸ್ತರರು, "ಅಲ್ಲೋ, ಎರಡು ಗುಡ್ಡ ತೋರ್ಸೂದ್ರಾಗ ರೀಲು ಮುಗದಹೋಗ್ತೈತಿ. ಕಥಿ ಯಾವಾಗ ಹೇಳ್ತಿ?" ಎಂದರು. ಹಾಗಾಗಿ ಕಥೆ ನಮ್ಮ ಮನೆಯ ಬಾಗಿಲಿಗೇ ಬಂದು ನಿಂತಿತು.

ಕಥೆ ನನ್ನದೇ. ಬಾಯಾರಿದ ದಾರಿಹೋಕ ನೀರು ಕೇಳುತ್ತಾನೆ. ಕಲ್ಲುಮನಸ್ಸಿನ ಹೆಂಗಸು ಬೈದು ಅಟ್ಟುತ್ತಾಳೆ. ಅವನು ಅಲ್ಲೇ ಬೀಳುತ್ತಾನೆ, ಅವಳಿಗೆ ಬುದ್ಧಿ ಬರುತ್ತದೆ. ದಾರಿಹೋಕ ನಮ್ಮ ನಾಲ್ಕನೆಯವನು, ಅಬ್ಬಿಗೇರಿಯ ಉದ್ದನೆಯ ಗೆಳೆಯ. ಹೆಂಗಸಿನ ಪಾತ್ರಕ್ಕಾಗಿ ಮಾತ್ರ ಅರ್ಧ ಊರು ತಿರುಗಿದೆವು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದ ಹಾಗೆ! ಬೈಗುಳಕ್ಕೆ ಓಣಿಗೇ ಹೆಸರಾದ ಸೋದರತ್ತೆ ನಮ್ಮ ಮನೆಯಲ್ಲೇ ಇದ್ದಳು. ಅಪ್ಪನ ಅಕ್ಕ, ಕೊಣ್ಣೂರಿಗೆ ಕೊಟ್ಟಿದ್ದರು, ಗಂಡ ತೀರಿದ ಮೇಲೆ ನಮ್ಮಲ್ಲಿಗೆ ಬಂದಿದ್ದಳು. ಕಾಗೆಯನ್ನೂ ಅದರ ಮನೆತನ ಎತ್ತಿ ಬೈಯುವವಳು. "ಬೈಯೂದಲ್ಲೇನು? ಅದಕ್ಕೇನ ಕಲೀಬೇಕ?" ಎಂದು ಒಪ್ಪಿದಳು. ತಾಲೀಮಿನಲ್ಲಿ ಅವಳು ಬೈದ ರಭಸಕ್ಕೆ ಎದುರುಮನೆಯವರು ಬಾಗಿಲು ಹಾಕಿಕೊಂಡರು.

ಚಿತ್ರ ತೆಗೆಯುವ ದಿನ ಗೆಳೆಯ ತನ್ನಜ್ಜನ ಪಟಗಾ ತಲೆಗೆ ಸುತ್ತಿಕೊಂಡು ಬಂದ. ಬೆಳಗಿನಿಂದ ಅವನಿಗೆ ನೀರು ಕುಡಿಯಬೇಡವೆಂದು ಹೇಳಿದ್ದೆ. "ತುಟಿ ಒಣಗಿದ್ರ ಖರೇ ಕಾಣ್ತೈತಿ" ಎಂದಿದ್ದೆ. ಪಾಪ, ಒಪ್ಪಿಕೊಂಡಿದ್ದ. ಎರೆಹೊಲದ ದಾರಿಯಲ್ಲಿ ಅವನನ್ನು ಹಿಂದಕ್ಕೂ ಮುಂದಕ್ಕೂ ನಡೆಸಿ ಬಾಗಿಲಿಗೆ ತರುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿದ್ದ.

ಎಣಿಕೆ ಶುರುವಾಯಿತು. ಅತ್ತೆ ಹೊರಗೆ ಬಂದಳು, ಬಾಯಿ ತೆರೆದಳು. "ಬರ್ರಿ, ಕುಂದರ್ರಿ" ಎಂದಳು. ದಿನಾ ಅವನನ್ನು 'ಏ ಉದ್ದಾ' ಎಂದು ಕರೆಯುತ್ತಿದ್ದವಳು! ಎಣಿಕೆ ಹತ್ತಕ್ಕೆ ಬರುವುದರೊಳಗೆ ಬೆಲ್ಲ, ನೀರಿನ ತಂಬಿಗೆ ಹೊರಗೆ ಬಂದವು. ನಾನೇ ಓಡಿಹೋಗಿ ಅವನ ಕೈಯಿಂದ ತಂಬಿಗೆ ಕಸಿದುಕೊಂಡೆ.

ಎರಡನೆಯ ಸಲ ಐದು ಎಣಿಸುವ ತನಕ ಸರಿಯಾಗಿ ಬೈದಳು. ಆಮೇಲೆ ಅವನ ಮುಖ ನೋಡಿದಳು, ಸುಮ್ಮನೆ ಒಳಗೆ ಹೋದಳು. ಮತ್ತೆ ತಂಬಿಗೆ. ಅಷ್ಟು ಹೊತ್ತಿಗೆ ರೀಲು ಮುಕ್ಕಾಲು ಮುಗಿದಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಅತ್ತೆಯ ಮೇಲೆ ಹರಿಹಾಯ್ದೆ.

"ಅತ್ತಿ, ಇಷ್ಟೂ ತಿಳಿಯೂದಿಲ್ಲೇನು ನಿನಗ? ಎಲ್ಲಾ ಹಾಳ ಮಾಡಿದಿ. ಅಂವ ಖರೇ ದಾರಿಕಾರ ಅಲ್ಲ, ನಮ್ಮ ಸಾಲಿ ಹುಡುಗ."

"ಅದು ಗೊತ್ತೈತಿ. ಕೊಣ್ಣೂರಾಗ ಹೊಳಿ ಬಂದು ದಾರಿ ನಿಂತಾಗ ಮಂದಿ ನಮ್ಮ ಕಟ್ಟಿಗೇ ಬಂದು ಕುಂದರ್ತಿದ್ರು. ಒಬ್ಬರಿಗೂ ನೀರಿಲ್ಲಾ ಅಂದಾಕಿ ಅಲ್ಲ ನಾ. ಬೈ ಅಂದ್ರ ಎಷ್ಟಾರ ಬೈತೀನಿ. ಆದ್ರ ಇವನ ಬಾಯಿ ಖರೇನ ಒಣಗೇತಲ್ಲೋ" ಎಂದಳು.

ಮೂರನೆಯ ಸಲ ಅವಳು ಬೈಯಲೇ ಇಲ್ಲ. ಅವನನ್ನು ಕಟ್ಟೆಯ ಮೇಲೆ ಕೂರಿಸಿ ನೀರು ಕೊಟ್ಟಳು. ಅವನು ಒಂದೇ ಉಸಿರಿಗೆ ಎರಡು ತಂಬಿಗೆ ಕುಡಿದ. ರೀಲು ಮುಗಿಯಿತು. ಬೀಳುವುದು, ಬುದ್ಧಿ ಬರುವುದು ಎಲ್ಲ ನನ್ನ ನೋಟುಬುಕ್ಕಿನಲ್ಲೇ ಉಳಿದವು. ಎರಡು ದಿನ ಅತ್ತೆಯ ಸಂಗಡ ಮಾತು ಬಿಟ್ಟೆ.

ದೀಪಾವಳಿಗೆ ಮಾಸ್ತರರ ಭಾವಮೈದುನ ರೀಲು ತೊಳೆಸಿಕೊಂಡು, ತೋರಿಸುವ ಯಂತ್ರದೊಂದಿಗೆ ಬಂದರು. ಅದನ್ನು ಕತ್ತರಿಸಿ ಜೋಡಿಸುವ ಉಸಾಬರಿಗೆ ಅವರು ಹೋಗಿರಲಿಲ್ಲ. ಸಾಲೆಯ ಕೋಣೆಯ ಕಿಟಕಿಗಳಿಗೆ ಕಂಬಳಿ ಕಟ್ಟಿ ಓಣಿಯವರನ್ನೆಲ್ಲ ಕೂರಿಸಿದೆವು. ಅತ್ತೆ ಮುಂದಿನ ಬೆಂಚಿನಲ್ಲಿದ್ದಳು. ಗೋಡೆಯ ಮೇಲೆ ಗೆಳೆಯ ಬಂದು ನಿಂತ. ಅತ್ತೆ ನೀರು ತಂದಳು. ಆಗ ಚಿತ್ರದ ಅಂಚಿನಿಂದ ಒಬ್ಬ ಹುಡುಗ ನುಗ್ಗಿ ಬಂದ. ವಾರೆಯಾದ ಟೋಪಿ, ಅಗಲ ತೆರೆದ ಬಾಯಿ. ಬಾಯಾರಿದವನ ಕೈಯಿಂದ ತಂಬಿಗೆ ಕಿತ್ತುಕೊಂಡ. ಕ್ಯಾಮೆರಾದವನು ನನ್ನ ಅಪ್ಪಣೆ ಮೀರಿರಲಿಲ್ಲ. ಇಪ್ಪತ್ತರ ತನಕ ಗುಂಡಿ ಒತ್ತಿಯೇ ಇದ್ದ.

ಕೋಣೆಯಲ್ಲಿ ಮಂದಿ ಗೊಣಗಿದರು. ಅತ್ತೆಯ ಪಕ್ಕದ ಹೆಂಗಸು, "ನೀರು ಕುಡಿಗೊಡದಂಥಾ ಅಂವ ಯಾರವಾ?" ಎಂದು ಕೇಳಿದಳು. ಅತ್ತೆಯ ಬಾಯಿ ನನಗೆ ಗೊತ್ತಿತ್ತು. ಕತ್ತಲಲ್ಲಿ ತಲೆ ತಗ್ಗಿಸಿ ಕಾದೆ.

"ನಮ್ಮ ತಮ್ಮನ ಮಗ. ಅಂವನ ಪಾತ್ರ ಹಂಗ ಇತ್ತವಾ, ಚಲೋ ಮಾಡ್ಯಾನ" ಎಂದಳು.

ನಾಚಿಕೆಯಿಂದ ನನ್ನ ಕಣ್ಣು ತುಂಬಿದವು. ಪಕ್ಕದಲ್ಲಿದ್ದ ಅಬ್ಬಿಗೇರಿಯ ಗೆಳೆಯ ಅದನ್ನು ನೋಡಿ ನನ್ನತ್ತ ಸರಿದು ಕೂತ.